ಗುಂಡಿಯ ಖಾತೆಗೆ ಸೊನ್ನೆ

ನೆಟ್ಟಕ್ಕನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಕಿವಿ. ಅವತ್ತು ಬೆಳಗ್ಗೆಯಿಂದಲೇ ಎರಡೂ ಕಿವಿ ಕೆಂಡ.

ಬಟ್ಟೆ ಕಾರ್ಖಾನೆಯ ಹೆಂಗಸರ ಹಾಸ್ಟೆಲ್ಲಿನ ವೈಫೈ ನೋಡಿಕೊಳ್ಳುವವಳು ಅವಳು. ಅದಕ್ಕೇ ಆ ಹೆಸರು. ಮೆಟ್ಟಿಲಡಿಯ ಗೂಡಿನಂಥ ಕೋಣೆಯಲ್ಲಿ ಅವಳ ಸರ್ವರ್ ಗುಂಯ್‌ಗುಡುತ್ತ ಕೂತಿರುತ್ತಿತ್ತು. ಯಾರು ಫೋನಿನಲ್ಲಿ ಹೆಸರು, ಪಾಸ್‌ವರ್ಡ್ ಒತ್ತಿದರೂ ಗುರುತು ಹಿಡಿದು ಒಳಗೆ ಬಿಡುವುದು, ಬಳಸಿದ ಡೇಟಾ ಲೆಕ್ಕ ಇಡುವುದು, ಮಿತಿ ಮುಟ್ಟಿದ ಕೂಡಲೇ ಬಾಗಿಲು ಹಾಕುವುದು ಅದರ ಕೆಲಸ. ಮೊದಲು ಆ ಲೆಕ್ಕ ದಿನಾ ಬೆಳಗ್ಗೆ ಅಳಿಸಿ ಹೊಸದಾಗಿ ಶುರುವಾಗುತ್ತಿತ್ತು. ಹೊಸ ಮ್ಯಾನೇಜರ್ ಬಂದವನೇ, "ದಿನಾ ಯಾಕೆ? ತಿಂಗಳಿಗೊಮ್ಮೆ ಅಳಿಸಿದ್ರೆ ಸಾಕು. ಆಗಾದ್ರೂ ಕೈ ಬಿಗಿ ಹಿಡೀತಾರೆ," ಅಂದ. ಮಿತಿಯನ್ನು ಚೂರೇ ಚೂರು ಏರಿಸಿದ. ಆಫೀಸಿನವರ ಖಾತೆಗಳಲ್ಲಿ ಮಾತ್ರ ಮಿತಿಯ ಚೌಕದಲ್ಲಿ ಸೊನ್ನೆ. ಆ ಸರ್ವರಿಗೆ ಸೊನ್ನೆ ಎಂದರೆ ಲಂಗುಲಗಾಮಿಲ್ಲ, ಬೇಕಾದಷ್ಟು ಬಳಸು ಅಂತ. ಅದು ನೆಟ್ಟಕ್ಕನಿಗೆ ಗೊತ್ತು. ಮ್ಯಾನೇಜರ್ ಆ ಪರದೆಯನ್ನು ಒಂದು ದಿನವೂ ಬಗ್ಗಿ ನೋಡಿದವನಲ್ಲ.

ಉಳಿದವರು ಗೊಣಗಿಕೊಂಡು ಮನೆಗೆ ಮಾಮೂಲಿ ಫೋನ್ ಹಚ್ಚಿದರು. ಗುಂಡಿ ಏನು ಮಾಡಬೇಕು? ಅಂಗಿಗೆ ಗುಂಡಿ ಹೊಲಿದು ಹೊಲಿದು ಆ ಹೆಸರೇ ಅಂಟಿಸಿಕೊಂಡ ಆ ಹೆಂಗಸು ಹುಟ್ಟಾ ಕಿವುಡಿ. ಅಜ್ಜಿಯ ಮನೆಯಲ್ಲಿರುವ ಅವಳ ಮಗಳೂ ಹಾಗೆಯೇ. ತಾಯಿ ಮಗಳ ಮಾತೆಲ್ಲ ಕೈಯಲ್ಲಿ, ವೀಡಿಯೊದಲ್ಲಿ. ತಿಂಗಳು ಕಣ್ಣು ಬಿಡುವಷ್ಟರಲ್ಲೇ ಅವಳ ಡೇಟಾ ಮುಗಿಯಿತು. ಮಗು ಏನೋ ಹೇಳಲು ಕೈ ಎತ್ತಿದ್ದು, ಎತ್ತಿದಂತೆಯೇ ಪರದೆಯಲ್ಲಿ ಮರಗಟ್ಟಿತು.

ಕೋಣೆಯ ಗೆಳತಿಯರು ಸುಮ್ಮನಿರುವವರೇ? ತಮ್ಮ ತಮ್ಮ ಪಾಸ್‌ವರ್ಡ್‌ಗಳನ್ನು ಅವಳ ಫೋನಿಗೆ ಒತ್ತಿಕೊಟ್ಟರು. ಅವೂ ಒಂದೊಂದಾಗಿ ಬರಿದಾದವು. ಕೊನೆಗೆ ಯಾರೋ ಮ್ಯಾನೇಜರನ ಕಿವಿಗೆ ಊದಿದರು.

ಮಧ್ಯಾಹ್ನ ಅವನು ಮೆಟ್ಟಿಲಡಿಗೆ ಬಂದು ನಿಂತ. ಹಿಂದೆಯೇ ಗುಂಡಿ, ಅವಳ ಬೆನ್ನಿಗೆ ಕೋಣೆಯ ಹೆಂಗಸರು.

"ಬೇರೆಯವರ ಹೆಸರಲ್ಲಿ ನುಗ್ಗೋದು ಕಳ್ಳತನ," ಅಂದ ಮ್ಯಾನೇಜರ್.

"ನಾವೇ ಕೊಟ್ಟಿದ್ದು ಸಾರ್. ಕೊಟ್ಟಿದ್ದು ತಗೊಂಡ್ರೆ ಕಳ್ಳತನಾನಾ?" ಅಂದಳು ಇಸ್ತ್ರಿ ಹಾಕುವವಳು.

"ನೀನು ಬಾಯಿ ಮುಚ್ಚು."

"ಅವಳದ್ದು ಆಗ್ಲೇ ಮುಚ್ಸಿದ್ದೀರಲ್ಲ, ನಂದೂ ಯಾಕೆ?"

ಗುಂಡಿಗೆ ಕೇಳದಿದ್ದರೂ ಅವನ ಮುಖ ಓದಲು ಬರುತ್ತಿತ್ತು. ಅಂಗೈಯಿಂದ ಮೇಜಿಗೆ ಬಡಿದಳು. ಮೌಸ್ ನೆಗೆದು ಕೆಳಗೆ ಬಿತ್ತು. ಬೆರಳುಗಳು ಪಟಪಟನೆ ಆಡಿದವು.

"ಮಗಳು ಅಜ್ಜೀನ ಕೇಳ್ತಾಳಂತೆ," ಇಸ್ತ್ರಿಯವಳು ಆ ಬೆರಳುಗಳನ್ನು ಓದಿ ಹೇಳಿದಳು, "ಅಮ್ಮ ನನ್ನ ಜೊತೆ ಟೂ ಬಿಟ್ಟಿದ್ದಾಳಾ ಅಂತ."

"ದಿನದ ಲೆಕ್ಕಾನೇ ವಾಪಸ್ ಮಾಡ್ತೀನಿ ಸಾರ್," ಅಂದಳು ನೆಟ್ಟಕ್ಕ. "ಒಂದು ಕ್ಲಿಕ್ಕು ಅಷ್ಟೆ."

"ನನ್ನ ಮಾತಿಗೆ ಬೆಲೆ ಇಲ್ವಾ? ಇವಳ ಖಾತೆ ತೆಗಿ. ಮಿತಿ ಎಷ್ಟಿದೆಯೋ ಕಿತ್ತಾಕಿ ಸೊನ್ನೆ ಹಾಕು. ನನ್ನ ಕಣ್ಣೆದುರೇ ಹಾಕು!"

ನೆಟ್ಟಕ್ಕ ಅವನನ್ನೇ ನೋಡಿದಳು. ಕಿವಿ ಸುಡುತ್ತಿತ್ತು.

"ಸೊನ್ನೆನಾ ಸಾರ್?"

"ಕನ್ನಡ ಅರ್ಥ ಆಗಲ್ವಾ?"

ಅವಳು ಸೊನ್ನೆ ಒತ್ತಿ, ಉಳಿಸಿ, ಪರದೆಯನ್ನು ಅವನತ್ತ ತಿರುಗಿಸಿದಳು. ಅವನು ತೃಪ್ತಿಯಿಂದ ತಲೆಯಾಡಿಸಿ ಹೋದ. ಹೆಂಗಸರು ಹಿಡಿಶಾಪ ಹಾಕಿದ್ದು ಅವನಿಗಲ್ಲ, ನೆಟ್ಟಕ್ಕನಿಗೆ.

"ಛೀ, ನಿನಗೂ ಒಂದು ಮಗು ಇದೆಯಲ್ಲೇ!"

ನೆಟ್ಟಕ್ಕ ಗುಂಡಿಯ ಫೋನು ಕಿತ್ತುಕೊಂಡು ಗುಂಡಿಯ ಸ್ವಂತ ಹೆಸರನ್ನೇ ಒತ್ತಿದಳು. ಬಾಗಿಲು ತೆರೆಯಿತು. ಮಿತಿ ಇರಬೇಕಾದ ಜಾಗ ಖಾಲಿ.

"ಅವನೇ ಹೇಳಿದ್ದು, ಅವನ ಕಣ್ಣೆದುರೇ ಮಾಡಿದ್ದು," ಅಂದಳು. ನಗು ಮಾತ್ರ ಬರಲಿಲ್ಲ. ಮಿಕ್ಕವರೆಲ್ಲರ ಲೆಕ್ಕ ಇನ್ನೂ ತಿಂಗಳಿನದೇ. ಆ ಜಗಳ ನಾಳೆ ಆಫೀಸಿನಲ್ಲೇ ಆಗಬೇಕು, ಬಾಗಿಲು ತೆರೆದಿಟ್ಟು, ಎಲ್ಲರಿಗೂ ಕೇಳುವಂತೆ.

ಸಂಜೆ ಕರೆ ಹೋಯಿತು. ಅಜ್ಜಿ ಫೋನನ್ನು ಗೋಡೆಗೆ ಒರಗಿಸಿದಳು. ಮಗು ಕಂಡಿತು, ಬೆನ್ನು ಮಾತ್ರ. ಕೈಯಲ್ಲಿ ಮಾತಾಡುವವರು ಬೆನ್ನು ತಿರುಗಿಸಿದರೆಂದರೆ ಕಿವಿ ಮುಚ್ಚಿಕೊಂಡಂತೆ. ಗುಂಡಿ ಕೈ ಆಡಿಸಲಿಲ್ಲ, ಸುಮ್ಮನೆ ಕಾದಳು. ಇಸ್ತ್ರಿಯವಳಿಗೆ ಅಭ್ಯಾಸಬಲ, ಪರದೆಯ ಮೂಲೆಯ ಡೇಟಾ ಲೆಕ್ಕವನ್ನೇ ಹೆದರಿ ಹೆದರಿ ನೋಡುತ್ತಿದ್ದಳು. ಅದು ಏರುತ್ತಲೇ ಹೋಯಿತು. ಕರೆ ಕಡಿಯಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಮಗುವಿನ ಕೈಯೊಂದು ಹೆಗಲ ಮೇಲಕ್ಕೆದ್ದು, ಮುಖ ತಿರುಗಿಸದೆಯೇ, ಅಮ್ಮನನ್ನು ಸಿಡಿಸಿಡಿ ಬೈಯತೊಡಗಿತು.