ತುಂಬಿದ ಬಸ್ಸಿನಿಂದ ಇಳಿದವನು

ನಾನು ಒಂದು ಕೌದಿ ದಿಂಬು. ಅತ್ತೆಯ ಹಳೇ ಇಳಕಲ್ ಸೀರೆ, ಗಂಡನ ಸವೆದ ಖಾಕಿ ಪ್ಯಾಂಟು, ಒಂದಿಷ್ಟು ಹತ್ತಿ ಸೇರಿಸಿ ಶಾವಂತ್ರೆವ್ವ ನನ್ನನ್ನು ಹೊಲಿದಳು. ಬಸ್ಸು ಓಡಿಸುವ ಅವಳ ಗಂಡ ಚನ್ನವೀರಪ್ಪನ ಸೊಂಟ ಆಗಲೇ ಹಟ ಹಿಡಿದಿತ್ತು. ಡಿಪೋದಲ್ಲಿ ಬಸ್ಸು ದಿನಕ್ಕೊಂದು ಸಿಗುತ್ತದೆ, ಸೀಟಿಗೆ ಹಾಕಿಕೊಳ್ಳುವ ದಿಂಬು ಮಾತ್ರ ಚಾಲಕನ ಸ್ವಂತದ್ದು. ಅದನ್ನು ಕಂಕುಳಲ್ಲಿ ಹಿಡಿದು ಬಂದವನು ದುಡಿಯಲು ಬಂದ, ಬರಿಗೈಯಲ್ಲಿ ಬಂದವನು ರಜೆ ಕೇಳಲು ಬಂದ ಎಂದೇ ಅಲ್ಲಿನ ಲೆಕ್ಕ.

ಅಬ್ಬಾ, ಆ ಸೀಟಿನ ಮೇಲೆ ನಾನು ಕಂಡದ್ದು! ಹೊಂಡ ಬಂದಾಗಲೆಲ್ಲ ಅವನ ಬೆನ್ನಿನಲ್ಲಿ ಚಳುಕು ಏಳುತ್ತಿತ್ತು. ಕೈ ಅಲುಗುತ್ತಿರಲಿಲ್ಲ. ಹಿಂದೆ ಮಂದಿ ನಿಶ್ಚಿಂತೆಯಿಂದ ತೂಕಡಿಸುತ್ತಿದ್ದರು. ಇಂಥ ಗಟ್ಟಿ ಜೀವ ಇನ್ನೊಂದಿಲ್ಲ ಎಂದು ನಾನು ಬೀಗುತ್ತಿದ್ದೆ.

ಬರಬರುತ್ತಾ ಅವನು ಬರಿಗೈಯಲ್ಲಿ ಹೋಗುವುದು ಹೆಚ್ಚಾಯಿತು. ಹೇಳುವ ಕಾರಣ ಯಾವಾಗಲೂ ಬೆನ್ನುನೋವೇ. ಮನೆಯಲ್ಲಿ ಉಳಿದ ನನಗೆ ಕಂಡದ್ದೇ ಬೇರೆ. ನೋವು ಇಳಿದ ದಿನವೂ ಅವನು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ, ಊಟ ಮುಟ್ಟುತ್ತಿರಲಿಲ್ಲ. "ಮತ್ತ ನಾಟಕ ಹೂಡ್ಯಾನ" ಎಂದು ಡಿಪೋದವರು ಆಡಿಕೊಂಡರಂತೆ. ಇನ್ನೊಂದು ರಜೆ ಕೇಳಿದರೆ ನೌಕರಿಗೇ ಕುತ್ತು ಎಂದು ಡಿಪೋ ಸಾಹೇಬರು ಗದರಿದರಂತೆ.

ಮರುದಿನ ಅವನು ನನ್ನನ್ನು ಹಿಡಿದುಕೊಂಡೇ ಹೋದ. ಬಸ್ಸು ತುಂಬಿತ್ತು. ಕಂಡಕ್ಟರ್ ದಾವಲಸಾಬ ರೈಟ್ ಎಂದ. ಎಂದೂ ಹಿಂಜರಿಯದ ಆ ಕೈ ಗಿಯರ್ ಮುಟ್ಟಿ ಹಿಂದೆ ಸರಿಯಿತು. ಅವನು ಎಂಜಿನ್ ಆರಿಸಿ, ನನ್ನನ್ನೂ ಎತ್ತಿಕೊಂಡು ಇಳಿದು, ನೆಟ್ಟಗೆ ಸಾಹೇಬರ ಎದುರು ನಿಂತ.

"ದಿಂಬು ತಂದೀಯಲ್ಲೋ, ಗಾಡಿ ಯಾಕ ಬಿಟ್ಟ ಬಂದಿ?"

"ಬೆನ್ನ ಒಂದ ಅಲ್ರೀ ಸಾಹೇಬ್ರ. ಬ್ಯಾನಿ ತಡಕೊಂಡ ತಡಕೊಂಡ ಮನಸ್ಸೂ ಕುಂತಬಿಟ್ಟೈತ್ರೀ. ಹೇಳಾಕ ನಾಚಿಕಿ ಆಗಿತ್ತು. ಅಷ್ಟ ಮಂದಿ ಜೀವ ಹೆಂಗ ಒಯ್ಯಲ್ರೀ?"

ಹಿಂದೆಯೇ ಬಂದಿದ್ದ ದಾವಲಸಾಬ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದ:

"ಹೋದ ವರ್ಷ ನನಗೂ ಹಿಂಗ ಆಗಿತ್ರೀ. ನಾ ಹೊಟ್ಟಿನೋವು ಅಂತ ಹೇಳಿದ್ದೆ."

ಸಾಹೇಬರು ತಾವೇ ರಜೆಯ ಅರ್ಜಿ ಬರೆಸಿಕೊಂಡರು. ನೌಕರಿ ಉಳಿಯಿತು. ಬೆನ್ನಿಗೊಬ್ಬರು, ಮನಸ್ಸಿಗೊಬ್ಬರು ವೈದ್ಯರು ಸಿಕ್ಕರು. ತಿಂಗಳುಗಟ್ಟಲೆ ರಜೆ ಮುಗಿಸಿ ಅವನು ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಮತ್ತೆ ಡಿಪೋಗೆ ನಡೆದ. ಅಂದು ಯಾರೂ ಆಡಿಕೊಳ್ಳಲಿಲ್ಲ.

ಈಗ ಅವನು ನಿವೃತ್ತ. ನನ್ನ ಹತ್ತಿ ಗಂಟುಗಟ್ಟಿದೆ, ಪಡಸಾಲೆಯ ಮೂಲೆಯೇ ನನ್ನ ಜಾಗ. ನಾವು ಹತ್ತಿಳಿದ ಘಾಟಿನ ತಿರುವುಗಳೆಲ್ಲ ಮರೆತುಹೋಗಿವೆ. ತುಂಬಿದ ಬಸ್ಸಿನಿಂದ ಅವನು ಇಳಿದ ಗಳಿಗೆ ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಅವನ ಭಾರವನ್ನೆಲ್ಲ ನಾನೇ ಹೊತ್ತಿದ್ದೇನೆ ಎಂದುಕೊಂಡಿದ್ದೆ. ನನ್ನ ಮೇಲೆ ಕೂತಿದ್ದು ಅದರ ಅರ್ಧವೂ ಅಲ್ಲ.