ಮಿಜುನಾಶಿ ತಿರುವಿನ ಕೆಂಪು ದೀಪ

ನನಗೆ ದೆವ್ವಗಳ ಮೇಲೆ ನಂಬಿಕೆ ಇಲ್ಲ. ವೈರುಗಳ ಮೇಲೂ ಇಲ್ಲ. ಆದರೆ ವೈರು ಸುಳ್ಳು ಹೇಳಿದರೆ ಮೀಟರು ಹಿಡಿದು ಪತ್ತೆ ಮಾಡಬಹುದು. ತೊರಿಗೊಯೆ ಘಟ್ಟದ ಬುಡದಲ್ಲಿ ಅಪ್ಪ ಬಿಟ್ಟುಹೋದ ಗ್ಯಾರೇಜನ್ನು ನಡೆಸುತ್ತ ನಾನು ಕಲಿತ ವಿದ್ಯೆ ಇಷ್ಟೇ. ಗಾಡಿ ತಂದವರು ಹೇಳುವ ಕತೆಯನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ಸುಮ್ಮನೆ ಗಾಡಿಯ ಕೆಳಗೆ ತೂರಬೇಕು.

ಇಸುರುಗಿ-ಸಾನ್ ಬಂದದ್ದು ಎಲೆ ಉದುರುವ ಕಾಲದಲ್ಲಿ, ಹೆಂಡತಿಯ ಹಳೆಯ ಸ್ಪೋರ್ಟ್ಸ್ ಕಾರಿನಲ್ಲಿ. ಅವರು ನಿವೃತ್ತ ಬಸ್ ಚಾಲಕರು. ಅವರ ಬಸ್ಸಿನಲ್ಲೇ ನಾನು ಶಾಲೆಗೆ ಹೋಗಿ ಬಂದವಳು. ಬೆರಳು ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳಿ, ಆಮೇಲೇ ಮುಂದಕ್ಕೆ ಹೋಗುವ ಬಸ್ಸಿನವರ ಪದ್ಧತಿ ಅವರನ್ನು ಇನ್ನೂ ಬಿಟ್ಟಿರಲಿಲ್ಲ. ನನ್ನ ಅಂಗಳದಲ್ಲಿ ಕಾರು ನಿಲ್ಲಿಸುವಾಗಲೂ ಬಿಳಿ ಕೈಗವಸಿನ ಬೆರಳೆತ್ತಿ, "ಎಡಗಡೆ, ಸರಿ. ಬಲಗಡೆ, ಸರಿ. ಬ್ರೇಕು, ಸರಿ" ಎಂದರು. ಚಿಕ್ಕವರಿದ್ದಾಗ ನಾವು ಹಿಂದಿನ ಸೀಟಿನಲ್ಲಿ ಕೂತು "ಮೂಗು, ಸರಿ. ಚಡ್ಡಿ, ಸರಿ" ಎಂದು ಅಣಕಿಸುತ್ತಿದ್ದೆವು. ಅವರು ಒಮ್ಮೆಯೂ ಬೈದವರಲ್ಲ. ಸ್ಟಾಪಿನಲ್ಲಿ ಯಾರಾದರೂ ಹತ್ತಿದರೆ, "ಹತ್ತಿದರು, ಸರಿ" ಎನ್ನದೆ ಗೇರು ಹಾಕಿದವರೂ ಅಲ್ಲ.

ಕಾರು ಬೆಳ್ಳಿ ಬಣ್ಣದ್ದು. ಎರಡು ಬಾಗಿಲು, ಹಿಂದೆ ಹೆಸರಿಗೆ ಮಾತ್ರ ಒಂದು ಸೀಟು. ಅವರ ಹೆಂಡತಿ ಮಿತ್ಸುಯೊ-ಸಾನ್ ಘಟ್ಟದ ಮೇಲಿನ ಬಿಸಿನೀರ ಬುಗ್ಗೆಯ ಹೋಟೆಲಿನಲ್ಲಿ ಅಡುಗೆಗೆ ಹೋಗುತ್ತಿದ್ದಾಗ ಕೊಂಡದ್ದು. ಗಂಡನ ಬಸ್ಸಿನಲ್ಲಿ ಕೂತರೆ ಮೇಲೆ ತಲುಪುವುದರೊಳಗೆ ಮುಪ್ಪು ಬರುತ್ತದೆ ಎಂದು ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ ಹೆಂಗಸು. ಬಸ್ಸನ್ನು ಹಿಂದೆ ಹಾಕುವಾಗ ಕಿಟಕಿಯಿಂದ ಕೈ ಬೀಸಿ ಗಂಡನನ್ನು ರೇಗಿಸುತ್ತಿದ್ದರಂತೆ. ಹೋದ ವರ್ಷದ ವಸಂತದಲ್ಲಿ ಕಾಯಿಲೆ ಬಿದ್ದು ತೀರಿಕೊಂಡರು.

ಇಸುರುಗಿ-ಸಾನ್ ತಂದ ದೂರು ಒಂದೇ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ವಿಪರೀತ ಕಾದರೆ ಉರಿಯುವ ಕೆಂಪು ದೀಪ ಆ ಕಾಲದ ಕಾರುಗಳಲ್ಲಿ ಇರುತ್ತದೆ. ಅದು ಉರಿಯುತ್ತಿತ್ತು.

"ಎಲ್ಲಾ ಕಡೆ ಅಲ್ಲ," ಎಂದರು. "ಮಿಜುನಾಶಿ ಸ್ಟಾಪಿನ ತಿರುವಲ್ಲಿ ಉರಿಯುತ್ತೆ. ಸುರಂಗ ದಾಟಿದ ಮೇಲೆ ಆರಿಹೋಗುತ್ತೆ."

ಉರಿದಾಗ ಗಾಡಿ ನಿಲ್ಲಿಸುತ್ತೀರಾ ಎಂದು ಕೇಳಿದೆ. ಇಲ್ಲವೆಂದರು. ನನಗೆ ಸಿಟ್ಟು ಬಂತು. ಆ ಡಬ್ಬ ನಿಜವಾಗಿ ಕೆಂಪಗೆ ಕಾದಿದ್ದರೆ, ಕೆಳಗಿನ ಒಣ ಎಲೆಗೂ ಒಳಗಿನ ಕಾರ್ಪೆಟ್ಟಿಗೂ ಬೆಂಕಿ ಹಿಡಿಯಲು ಹೆಚ್ಚು ಹೊತ್ತು ಬೇಡ, ಬಸ್ಸು ಓಡಿಸಿದ ನಿಮಗೆ ಇದು ಗೊತ್ತಿಲ್ಲವೇ ಎಂದು ಕೂಗಾಡಿದೆ. ಅವರು ತಲೆಬಾಗಿಸಿ ಕೇಳಿಸಿಕೊಂಡರು. ಆಮೇಲೆ ಮೂಲೆಯ ಕುರ್ಚಿಯಲ್ಲಿ ಕೂತು, ನೇರಳೆ ಬಟ್ಟೆಯಲ್ಲಿ ಕಟ್ಟಿದ ಗಂಟೊಂದನ್ನು ತೊಡೆಯ ಮೇಲೆ ಇಟ್ಟುಕೊಂಡರು. ಯಾರಿಗೋ ಒಯ್ಯುವ ಸಿಹಿತಿಂಡಿಯ ಪೆಟ್ಟಿಗೆ ಇರಬೇಕು ಅಂದುಕೊಂಡೆ. ಟೀ ಕೊಟ್ಟಾಗಲೂ ಅದನ್ನು ಕೆಳಗಿಡಲಿಲ್ಲ.

ತಿಂಗಳ ಕೊನೆಗೆ ಕಾರಿನ ಸರ್ಕಾರಿ ತಪಾಸಣೆ ಇತ್ತು. ಇಸುರುಗಿ-ಸಾನರ ಮಗಳು ಕಯೊಕೊ ಅಂದೇ ಫೋನು ಮಾಡಿದಳು. ಪಾಸಾಗದಿದ್ದರೆ ಗುಜರಿಗೆ ಹಾಕಿಬಿಡಿ, ಅಪ್ಪ ದಿನಾ ಘಟ್ಟ ಹತ್ತುವುದು ಹಾಗಾದರೂ ನಿಲ್ಲಲಿ ಎಂದಳು. ಅವಳ ದನಿಯಲ್ಲಿ ಕೋಪಕ್ಕಿಂತ ಹೆದರಿಕೆ ಜಾಸ್ತಿ ಇತ್ತು. ಅಪ್ಪ ತೀರಿಕೊಂಡ ಅಮ್ಮನ ಜೊತೆ ಮಾತಾಡುತ್ತಾರೆ ಎಂದು ಕೊನೆಗೆ ಹೇಳಿ ಫೋನು ಇಟ್ಟಳು.

ಇಂಥ ದೀಪ ಉರಿದರೆ ಮೊದಲು ನಿಜವಾದ ಬಿಸಿಯನ್ನು ಹುಡುಕಬೇಕು. ಎಂಜಿನ್ನಿನ ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ಸಾಕು, ಉಳಿದ ಪೆಟ್ರೋಲು ಕನ್ವರ್ಟರಿನೊಳಗೆ ಹೋಗಿ ಉರಿಯುತ್ತದೆ. ಪ್ಲಗ್ಗುಗಳನ್ನು ಬಿಚ್ಚಿ ನೋಡಿದೆ, ಚೊಕ್ಕಟವಾಗಿದ್ದವು. ಎಂಜಿನ್ನು ಓಡಿಸಿ ಕನ್ವರ್ಟರಿನ ಬಿಸಿ ಅಳೆದೆ, ಎಷ್ಟಿರಬೇಕೋ ಅಷ್ಟೇ ಇತ್ತು. ಬಡಿದರೆ ಒಳಗೆ ಪುಡಿಯಾದ ಸದ್ದಿಲ್ಲ. ಬಿಸಿ ಅಳೆಯುವ ಸೆನ್ಸರೂ ಸರಿಯಾಗಿತ್ತು. ಹಾಗಾದರೆ ಉರಿಯಬಾರದ ದೀಪ ಉರಿಯುತ್ತಿದೆ ಎಂದಾಯಿತು.

ಇಸುರುಗಿ-ಸಾನರನ್ನು ಟ್ಯಾಕ್ಸಿ ಹತ್ತಿಸಿ ಕಳಿಸಿ, ಮರುದಿನ ಒಬ್ಬಳೇ ಘಟ್ಟ ಹತ್ತಿದೆ. ಕಾರಿನೊಳಗೆ ಊದುಬತ್ತಿಯ ವಾಸನೆ ತೆಳುವಾಗಿ ಇತ್ತು. ಪಕ್ಕದ ಸೀಟನ್ನು ಮುಂದಕ್ಕೆ, ಇನ್ನು ಜರುಗದಷ್ಟು ಮುಂದಕ್ಕೆ ಎಳೆದಿಟ್ಟಿದ್ದರು. ಅಲ್ಲಿ ಮಗುವೂ ಕೂರಲಾಗದು, ಕಾಲಿಡಲು ಜಾಗವೇ ಇಲ್ಲ. ಸತ್ತವರಿಗೆ ಕಾಲಿರುವುದಿಲ್ಲ ಎಂದು ಅಜ್ಜಿ ಹೇಳುತ್ತಿದ್ದದ್ದು ಬೇಡವೆಂದರೂ ನೆನಪಾಯಿತು. ಥತ್, ಎಂದು ನನಗೆ ನಾನೇ ಬೈದುಕೊಂಡು ಗೇರು ಬದಲಿಸಿದೆ.

ಮಿಜುನಾಶಿ ಸ್ಟಾಪಿಗೆ ಈಗ ಬಸ್ಸು ಬರುವುದಿಲ್ಲ. ತುಕ್ಕು ಹಿಡಿದ ಫಲಕವೂ ಒಂದು ಬೆಂಚೂ ಮಂಜಿನಲ್ಲಿ ನಿಂತಿದ್ದವು. ರಸ್ತೆ ಅಲ್ಲಿ ಉದ್ದಕ್ಕೆ ಬಲಕ್ಕೆ ಬಾಗುತ್ತದೆ. ಬಾಗಿದೆ, ದೀಪ ಉರಿಯಲಿಲ್ಲ. ಹಿಂದಿರುಗಿ ಬಂದು ಮತ್ತೆ ಹೋದೆ, ಜೋರಾಗಿ ಹೋದೆ, ನಿಧಾನವಾಗಿ ಹೋದೆ. ಏನೂ ಇಲ್ಲ. ಸುರಂಗದ ಬಾಯಲ್ಲಿ ನಿಲ್ಲಿಸಿ, ನಾನಾಗಿ ನಾನೇ ಪಕ್ಕದ ಸೀಟಿನ ಕಡೆ ತಿರುಗಿ ನೋಡಿದೆ. ನೋಡಿದ್ದಕ್ಕೆ ನಾಚಿಕೆಯಾಯಿತು. ಆದರೂ ವಾಪಸು ಬರುವ ದಾರಿಯುದ್ದಕ್ಕೂ ರೇಡಿಯೋ ಹಾಕಿಕೊಂಡೇ ಬಂದೆ.

ಇಸುರುಗಿ-ಸಾನರಿಗೆ ಫೋನು ಮಾಡಿ, ನೀವೇ ಓಡಿಸಿ, ನಾನು ಜೊತೆಗೆ ಬರುತ್ತೇನೆ ಎಂದೆ. ಅವರು ಬಂದರು. ನೇರಳೆ ಗಂಟನ್ನು ಎಡಗಡೆಯ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಇಟ್ಟು, ಅಲುಗದಂತೆ ಸೀಟನ್ನು ಅದಕ್ಕೆ ಒತ್ತಿ ನಿಲ್ಲಿಸಿದರು. ಗಂಟನ್ನು ನಾನು ಹಿಡಿದುಕೊಳ್ಳುತ್ತೇನೆ, ಅಲ್ಲಿ ಕೂರುತ್ತೇನೆ ಎಂದೆ.

"ಅಲ್ಲಿ ಬೇಡ," ಎಂದರು. ಅಷ್ಟು ಚುಟುಕಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನಾನು ಹಿಂದಿನ ಸೀಟಿನಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು, ತಲೆಯನ್ನು ಗಾಜಿಗೆ ಒತ್ತಿಕೊಂಡು ಮುದುಡಿದೆ. ಅವರು ಬಸ್ಸಿನ ವೇಗದಲ್ಲೇ ಓಡಿಸಿದರು. ಸೈಕಲ್ಲಿನವನೊಬ್ಬ ನಮ್ಮನ್ನು ಹಿಂದೆ ಹಾಕಿ ಹೋದ. ಮಿಜುನಾಶಿ ಫಲಕ ಮಂಜಿನಿಂದ ಹೊರಬಂತು. ರಸ್ತೆ ಬಲಕ್ಕೆ ಬಾಗಿತು, ಗಂಟು ಎಡಕ್ಕೆ ವಾಲಿತು, ಮೀಟರಿನ ಮೂಲೆಯಲ್ಲಿ ಕೆಂಪು ದೀಪ ಉರಿಯಿತು.

ಇಸುರುಗಿ-ಸಾನ್ ಬಿಳಿ ಕೈಗವಸಿನ ಬೆರಳನ್ನು ಆ ದೀಪಕ್ಕೆ ತೋರಿಸಿದರು.

"ಹತ್ತಿದರು, ಸರಿ."

ಮಂಜು, ಆ ಖಾಲಿ ಬೆಂಚು, ಎಲ್ಲ ಸೇರಿ ಒಂದು ಗಳಿಗೆ ನಾನು ನಂಬಿಬಿಟ್ಟೆ. ಸುರಂಗದಾಚೆ ರಸ್ತೆ ಎಡಕ್ಕೆ ತಿರುಗಿದಾಗ ಗಂಟು ನೆಟ್ಟಗಾಯಿತು, ದೀಪ ಆರಿತು. ಆಗ ನನ್ನ ಬುದ್ಧಿ ನನಗೆ ವಾಪಸು ಬಂತು.

ನಿಲ್ಲಿಸಿ ಎಂದೆ. ಗಂಟಿನಲ್ಲಿ ಏನಿದೆ ಎಂದು ಕೇಳಿದೆ.

ಅವರು ಎಂಜಿನ್ನು ಆರಿಸಿದರು. ಆಮೇಲೆ, ನಾನು ಶಾಲೆಗೆ ಹೋಗುತ್ತಿದ್ದಾಗ ಕರೆಯುತ್ತಿದ್ದ ಹಾಗೆ ಏಕವಚನದಲ್ಲಿ ಹೇಳಿದರು. "ಮಿತ್ಸುಯೊನ ಎಲುಬು, ಮಗಳೇ. ಸಮಾಧಿಗೆ ಇಡು ಇಡು ಅಂತ ಕಯೊಕೊ ಜೀವ ತಿಂತಾಳೆ. ಕೂತಲ್ಲಿ ಕೂರೋಳಲ್ಲ ಮಿತ್ಸುಯೊ, ನಿಂಗೊತ್ತಲ್ಲ. ಕಲ್ಲಿನ ಕೆಳಗೆ ಹ್ಯಾಗೆ ಇಡ್ಲಿ?"

ದಹನದ ನಂತರ ಉಳಿದ ಎಲುಬು ತುಂಬಿಕೊಟ್ಟ ಪಿಂಗಾಣಿ ಭರಣಿ, ಅದರ ಮರದ ಪೆಟ್ಟಿಗೆ. ಅದನ್ನು ಅವರು ದಿನಾ ಮಧ್ಯಾಹ್ನ ಘಟ್ಟಕ್ಕೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಅವಳು ಮೊದಲ ಸಲ ತಮ್ಮ ಬಸ್ಸು ಹತ್ತಿದ್ದು ಮಿಜುನಾಶಿಯಲ್ಲೇ ಎಂದರು. ಪೆಟ್ಟಿಗೆಯಲ್ಲಿರುವುದು ಬರೀ ಎಲುಬು, ಅವಳು ಮಾತ್ರ ಇಲ್ಲಿ ಹತ್ತುತ್ತಾಳೆ, ಸುರಂಗದವರೆಗೆ ಜೊತೆಗಿದ್ದು ಇಳಿದುಹೋಗುತ್ತಾಳಂತೆ. ದೀಪ ಉರಿಯಲು ಶುರುವಾದಂದಿನಿಂದ ತಮಗೆ ರಾತ್ರಿ ನಿದ್ದೆ ಬರುತ್ತಿದೆ ಎಂದರು.

"ನೀನು ಹುಡುಕು. ಏನೂ ಸಿಗದಿದ್ರೆ ಅವಳೇ ಅಂತ ತಿಳ್ಕೋತೀನಿ. ಸಿಕ್ಕಿದ್ರೆ ನಂಗೆ ನಿಜ ಹೇಳ್ಬೇಕು."

ಸಿಗದಿರಲಿ ಎಂದು ಹಾರೈಸಿಕೊಂಡು ನಾನು ಯಾವ ಗಾಡಿಯನ್ನೂ ಬಿಚ್ಚಿದ್ದಿಲ್ಲ, ಅದೊಂದನ್ನು ಬಿಟ್ಟು. ಗ್ಯಾರೇಜಿಗೆ ಬಂದು ಎಡಗಡೆಯ ಕಾರ್ಪೆಟ್ಟು ಎತ್ತಿದೆ. ಅದರ ಮೇಲೆ ಪೆಟ್ಟಿಗೆಯ ಚೌಕದ ಅಚ್ಚು ಮೂಡಿತ್ತು. ಕನ್ವರ್ಟರಿನ ಸೆನ್ಸರಿನ ವೈರು ನೆಲದ ತೂತಿನಿಂದ ಮೇಲೆ ಬಂದು, ಸರಿಯಾಗಿ ಆ ಚೌಕದ ಎಡ ಮೂಲೆಯ ಕೆಳಗೇ ಹಾದುಹೋಗಿತ್ತು. ಮೇಲಿನ ರಬ್ಬರು ಸವೆದು ತಾಮ್ರ ಕಾಣುತ್ತಿತ್ತು. ಪೆಟ್ಟಿಗೆ ಎಡಕ್ಕೆ ವಾಲಿದಾಗ ಅದರ ಭಾರಕ್ಕೆ ತಾಮ್ರ ಕಾರಿನ ನೆಲದ ತಗಡಿಗೆ ತಾಗುತ್ತದೆ, ವಿಪರೀತ ಬಿಸಿಯಾಗಿದೆ ಎಂದು ದೀಪ ತಿಳಿದುಕೊಳ್ಳುತ್ತದೆ. ಅಷ್ಟು ಉದ್ದದ ಬಲ ತಿರುವು ಘಟ್ಟದಲ್ಲಿ ಬೇರೆ ಇಲ್ಲ. ನಾನು ಬೆರಳಲ್ಲಿ ಒತ್ತಿದೆ, ದೀಪ ಉರಿಯಿತು. ಬಿಟ್ಟೆ, ಆರಿತು.

ಮೂಲೆಯ ಕುರ್ಚಿಯಲ್ಲಿ ಪೆಟ್ಟಿಗೆ ಹಿಡಿದು ಕೂತಿದ್ದ ಇಸುರುಗಿ-ಸಾನ್ ಅದನ್ನು ನೋಡಿದರು.

ನಾನು ಎಲ್ಲವನ್ನೂ ಹೇಳಿದೆ. ಸಿಹಿ ಹಚ್ಚಿ ಮಾತಾಡಲು ನನಗೆ ಬರುವುದಿಲ್ಲ. ಅವರು ಕೇಳಿದರು, "ಹಾಗಾದ್ರೆ ಆ ದೀಪ ಉರಿಸ್ತಿದ್ದೋಳು ಅವಳೇ ಅಲ್ವಾ?"

"ಅವರೇ," ಎಂದೆ. "ಅವರ ಭಾರಕ್ಕೇ ಉರೀತಿತ್ತು."

"ಹಾಗೇ ಬಿಟ್ಟುಬಿಡು ಮತ್ತೆ."

ಬಿಡಬಹುದಿತ್ತು. ಪೆಟ್ಟಿಗೆ ಮನೆಯಲ್ಲಿಟ್ಟು ಕಾರು ಒಯ್ದರೆ ತಪಾಸಣೆಯವರಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಮುಂದೊಂದು ದಿನ ಕನ್ವರ್ಟರು ನಿಜವಾಗಿಯೇ ಕೆಂಪಗೆ ಕಾದಾಗಲೂ ಈ ಮನುಷ್ಯ ದೀಪಕ್ಕೆ ಬೆರಳು ತೋರಿಸಿ, ಹತ್ತಿದರು ಸರಿ ಎಂದು, ನಗುತ್ತ ಓಡಿಸುತ್ತಲೇ ಇರುತ್ತಾರೆ. ಅದನ್ನು ನೆನೆಸಿಕೊಂಡು ನನಗೆ ಅಳು ಬಂತು. ಅಳು ಬಂದರೆ ನಾನು ರೇಗುತ್ತೇನೆ.

"ಆಗಲ್ಲ," ಎಂದೆ. "ಬೆಂಕಿ ಅಂತ ಹೇಳೋದಕ್ಕಿರೋ ದೀಪ ಅದು. ಅದಕ್ಕೆ ಇನ್ನೊಂದು ಕೆಲಸ ಕೊಡಬೇಡಿ. ನೀವು ಸುಟ್ಟುಹೋದ್ರೆ ಮಿತ್ಸುಯೊ-ಸಾನ್ ನನ್ನ ಸುಮ್ನೆ ಬಿಡ್ತಾರಾ?"

ಅವರು ಪೆಟ್ಟಿಗೆಯ ಮೇಲಿನ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದರು. "ಬಿಡಲ್ಲ," ಎಂದರು ಕೊನೆಗೆ. "ಅವಳು ಬಿಡೋಳಲ್ಲ."

ವೈರು ಬದಲಿಸಿದೆ, ಬೇರೆ ದಾರಿಯಲ್ಲಿ ಎಳೆದು ಕಟ್ಟಿದೆ. ಕಾರು ತಪಾಸಣೆಯಲ್ಲಿ ಪಾಸಾಯಿತು. ಗಾಜಿಗೆ ಹೊಸ ಚೀಟಿ ಅಂಟಿಸಿ ಕೊಟ್ಟಾಗ ಅವರು ಬೀಗದಕೈ ತೆಗೆದುಕೊಳ್ಳದೆ ಅಂಗಳದಲ್ಲೇ ನಿಂತರು. ವಸಂತದಲ್ಲಿ ಸಮಾಧಿಗೆ ಇಡುತ್ತೇನೆಂದು ಕಯೊಕೊಗೆ ಮಾತು ಕೊಟ್ಟಿದ್ದೇನೆ ಎಂದರು. ಆದರೆ ಇವತ್ತು ಒಬ್ಬನೇ ಆ ತಿರುವು ದಾಟಲು ಆಗುವುದಿಲ್ಲ ಎಂದರು. ಎಡಗಡೆಯ ಸೀಟನ್ನು ತಾವೇ ಹಿಂದಕ್ಕೆ ಜರುಗಿಸಿ, ನನ್ನನ್ನು ಅಲ್ಲಿ ಕೂರಿಸಿ, ಪೆಟ್ಟಿಗೆಯನ್ನು ನನ್ನ ತೊಡೆಯ ಮೇಲಿಟ್ಟರು. ನಾನು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು.

ಘಟ್ಟದಲ್ಲಿ ಅವತ್ತೂ ಮಂಜು. ಎಡಗಡೆ ಸರಿ, ಬಲಗಡೆ ಸರಿ ಎನ್ನುವ ಅವರ ದನಿ ಮೇಲೆ ಹೋದಂತೆ ಸಣ್ಣದಾಯಿತು. ತುಕ್ಕು ಹಿಡಿದ ಫಲಕ ಕಂಡಿತು, ಬೆಂಚು ಕಂಡಿತು. ಅವರ ಬೆರಳು ಮೀಟರಿನ ಮೂಲೆಗೆ ಎದ್ದು ನಿಂತಿತು. ರಸ್ತೆ ಬಲಕ್ಕೆ ಬಾಗಿತು. ದೀಪ ಉರಿಯಲಿಲ್ಲ. ಕೈಗವಸಿನ ಬೆರಳು ಹಾಗೇ ಗಾಳಿಯಲ್ಲಿ ಉಳಿಯಿತು, ಬಾಯಿ ತೆರೆದೇ ಇತ್ತು.

ಬಲಕ್ಕೆ ತಿರುಗಿದ ಕಾರಿನಲ್ಲಿ ಭಾರವಿರುವುದೆಲ್ಲ ಎಡಕ್ಕೆ ವಾಲುತ್ತದೆ. ನನ್ನ ಭುಜ ಎಡಗಡೆಯ ಬಾಗಿಲಿಗೆ ಒತ್ತಿತ್ತು. ಆದರೆ ತೊಡೆಯ ಮೇಲಿನ ಪೆಟ್ಟಿಗೆ ನನ್ನ ಕೈಯೊಳಗೆ ಮೆಲ್ಲಗೆ ಬಲಕ್ಕೆ ಒರಗಿತು, ಇಸುರುಗಿ-ಸಾನರ ಕಡೆಗೆ. ನಾನು ಎರಡೂ ಕೈಯಲ್ಲಿ ಹಿಡಿದಿದ್ದೆ. ನನಗೆ ಗೊತ್ತಾಗದೆ ಇರುತ್ತದೆಯೇ? ಇದಕ್ಕೆ ಯಾವ ಕಾರ್ಪೆಟ್ಟು ಎತ್ತಿ ನೋಡಲಿ ಎಂದು ಇವತ್ತಿಗೂ ತಿಳಿದಿಲ್ಲ.

ಅವರ ಬೆರಳು ಇನ್ನೂ ಆರಿದ ದೀಪದ ಮೇಲೇ ಇತ್ತು.

"ಹತ್ತಿದರು, ಸರಿ," ಎಂದೆ ನಾನು.

ಇಸುರುಗಿ-ಸಾನ್ ನನ್ನ ಕಡೆ ನೋಡಲಿಲ್ಲ. ಬೆರಳು ಇಳಿಸಿದರು, ಮೂಗು ಒರೆಸಿಕೊಂಡರು, ಗೇರು ಬದಲಿಸಿದರು. ಆಮೇಲೆ, ಅವರ ಬಸ್ಸಿನಲ್ಲಿ ನಾನು ಒಮ್ಮೆಯೂ ಕಾಣದಷ್ಟು ಜೋರಾಗಿ, ಮಿತ್ಸುಯೊ-ಸಾನ್ ಓಡಿಸುತ್ತಿದ್ದಷ್ಟು ಜೋರಾಗಿ, ಸುರಂಗದವರೆಗೆ ಕಾರು ಓಡಿಸಿದರು.