ಗಾಜಿನ ಕಪಾಟಿನ ಜಾಲರಿ

ನಮ್ಮ ಕಡಲ ಪರಿಸರ ಸಂಶೋಧನಾ ಕೇಂದ್ರದ ಇತಿಹಾಸ ಬರೆದವರೆಲ್ಲ ಮೊದಲ ನಿರ್ದೇಶಕರ ದೂರದೃಷ್ಟಿಯಿಂದ ಶುರು ಮಾಡುತ್ತಾರೆ. ಸುಳ್ಳು. ಅದು ಶುರುವಾದದ್ದು ಕೇಂದ್ರದವರಿಗೆ ಬೇಯಿಸಿ ಹಾಕುತ್ತಿದ್ದ ನನ್ನ ಅತ್ತೆಯ ಅಡುಗೆಮನೆಯಿಂದ. ಆಗ ಇಲ್ಲಿದ್ದದ್ದೇ ಆ ಒಂದು ಕೋಣೆ. ಕೆಸರಿನಿಂದ ಹುಳು ಸೋಸಲು ಆ ಪುಣ್ಯಾತ್ಮರು ಟೀ ಜಾಲರಿ ಕೇಳಿದರು, ಅತ್ತೆ ಕೊಟ್ಟರು. ಅದು ವಾಪಸು ಬರಲಿಲ್ಲ. ಆಮೇಲೆ ಬಂದವರೆಲ್ಲ ಅದನ್ನೇ ಪದ್ಧತಿ ಮಾಡಿಕೊಂಡರು. ಪ್ರಯೋಗಾಲಯದಲ್ಲಿ ಏನಿಲ್ಲದಿದ್ದರೂ ಅಡುಗೆಮನೆಗೆ ಕೈ ಹಾಕುವುದು. ಅತ್ತೆಯ ನಂತರ ಒಲೆ ನನಗೆ ಬಂತು, ಜೊತೆಗೆ ಈ ಕಳ್ಳರೂ ಬಂದರು.

ಹೊಸ ನಿರ್ದೇಶಕರಿಗೆ ವಸ್ತುಸಂಗ್ರಹಾಲಯದ ಹುಚ್ಚು ಹಿಡಿಯಿತು.

"ಅಕ್ಕ, ಎಲ್ಲಕ್ಕಿಂತ ಹಳೇ ಕೋಣೆ ಇದೇ. ಸಂಗ್ರಹಾಲಯ ಇಲ್ಲೇ ಮಾಡೋದು. ಉದ್ಘಾಟನೆ ಮುಗಿದ್ಮೇಲೆ ನೀವು ದೋಣಿ ಶೆಡ್ಡಿಗೆ ಹೋಗ್ಬಿಡಿ."

"ಡೀಸೆಲ್ ವಾಸನೇಲಿ ಅಡುಗೆ ಮಾಡ್ಲಾ? ನೀವು ತಿಂತೀರಾ?"

"ಹೊಂದ್ಕೊಳ್ತೀರಿ ಬಿಡಿ."

ಕೇಂದ್ರದ ದೋಣಿ ನಡೆಸುವ ನನ್ನ ಗಂಡ ಆಗಲೇ ಶೆಡ್ಡಿನಲ್ಲಿ ಒಲೆಗೆ ಜಾಗ ಅಳೆಯಲು ಹೊರಟರು.

ಒಲೆಯ ಎದುರು ಗಾಜಿನ ಕಪಾಟು ಬಂತು. ಅತ್ತೆಯ ಜಾಲರಿ ಎಂದೋ ತುಕ್ಕು ತಿಂದು ಹೋಗಿತ್ತು. ಅದಕ್ಕೆ ನಿರ್ದೇಶಕರು, ನಾನು ದಿನಾ ಟೀ ಸೋಸುವ ಜಾಲರಿಯನ್ನೇ ಎತ್ತಿ ಒಳಗಿಟ್ಟು, 'ಕೇಂದ್ರದ ಮೊದಲ ಉಪಕರಣ: ಕಡಲ ಹುಳು ಸೋಸಿದ ಜಾಲರಿ' ಎಂದು ಚೀಟಿ ಅಂಟಿಸಿ ಬೀಗ ಜಡಿದರು.

ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿ ಮೇಡಂ ಮೊದಲು ಟೀ ಕೇಳಿದರು. ಕೊಟ್ಟೆ. ಲೋಟದ ತುಂಬ ಟೀ ಸೊಪ್ಪು ತೇಲುತ್ತಿತ್ತು.

"ಸೋಸ್ಲಿಲ್ವಾ?"

"ಜಾಲರಿ ಇತಿಹಾಸಕ್ಕೆ ಸೇರಿದೆ ಮೇಡಂ."

ನಿರ್ದೇಶಕರು ಗಡಿಬಿಡಿಯಲ್ಲಿ ಬೀಗ ತೆಗೆದು, ಜಾಲರಿ ತಂದು, ತಾವೇ ಟೀ ಸೋಸಿ ಕೊಟ್ಟರು. ಮೇಡಂ ಅರ್ಧ ಲೋಟ ಕುಡಿದು ಕಪಾಟಿನ ಹತ್ತಿರ ಹೋಗಿ ಚೀಟಿ ಓದಿದರು.

"ಹುಳು ಸೋಸಿದ್ದು ಇದ್ರಲ್ಲೇನಾ?"

ಹೌದೆಂದರೆ ಟೀ ಕೆಟ್ಟಿತು, ಅಲ್ಲವೆಂದರೆ ಸಂಗ್ರಹಾಲಯ ಕೆಟ್ಟಿತು. ನಿರ್ದೇಶಕರ ಮುಖ ಸುಣ್ಣ ಬಳಿದ ಗೋಡೆಯಂತಾಯಿತು.

"ಅಕ್ಕ, ನೀವೇ ಹೇಳಿ."

"ದೋಣಿ ಶೆಡ್ಡಿಗೆ ಹೋಗೋಳಿಗೆ ಇಲ್ಲಿನ ವಿಷಯ ಯಾಕೆ ಸಾರ್?"

"ಶೆಡ್ಡೂ ಬೇಡ ಗಿಡ್ಡೂ ಬೇಡ. ನೀವು ಇಲ್ಲೇ ಇರಿ."

"ಮೇಡಂ ಕೇಳಿಸ್ಕೊಂಡ್ರಲ್ಲ?" ಎಂದು ಖಾತ್ರಿ ಮಾಡಿಕೊಂಡು ಹೇಳಿದೆ, "ಇದು ನಿನ್ನೆವರೆಗೂ ನಾನು ಟೀ ಸೋಸ್ತಿದ್ದ ಜಾಲರಿ. ಹುಳದ ಮುಖ ಕಂಡಿಲ್ಲ."

ಮೇಡಂ ಒಮ್ಮೆ ನಿರ್ದೇಶಕರನ್ನು, ಒಮ್ಮೆ ಚೀಟಿಯನ್ನು ನೋಡಿದರು. "ಹಾಗಾದ್ರೆ ಇನ್ನರ್ಧ ಲೋಟ ಹಾಕಿ."

ಕಪಾಟು ಈಗಲೂ ಒಲೆಯ ಎದುರೇ ಇದೆ. ಜಾಲರಿಯ ಜಾಗದಲ್ಲಿ ಸಕ್ಕರೆ ಡಬ್ಬಿ ಇಟ್ಟಿದ್ದೇನೆ, ಇರುವೆ ಬರುವುದಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿದೆ. ಪ್ರಯೋಗಾಲಯದವರು ಈಗ ಬಾಗಿಲಲ್ಲಿ ನಿಂತು ಜಾಲರಿ, ಸೌಟು ಕೇಳುತ್ತಾರೆ. ಕೊಡುವುದಿಲ್ಲ.